ಅಪ್ಪನ ರೋಡ್‌ಕಿಂಗ್‌ಗೆ ಸೈಡ್‌ಕಾರ್ ಕಟ್ಟಿಸಬೇಕು, ವೆಲ್ಡ್ ಇಲ್ಲದೆ ಆಗುತ್ತಾ?

ಕಾಫಿಕಣ

ಎಲ್ಲರಿಗೂ ನಮಸ್ಕಾರ. ನಾನು ಸಕಲೇಶಪುರದ ಕಡೆಯವನು. ನಮ್ಮ ಮನೆಯಲ್ಲಿ 1984ರ ಯೆಜ್ಡಿ ರೋಡ್‌ಕಿಂಗ್ ಬೈಕ್ ಇದೆ. ಅಪ್ಪ ಹೊಸದಾಗಿ ತಂದಿದ್ದು. ಇವತ್ತಿಗೂ ಒಂದೆರಡು ಕಿಕ್ಕಿಗೆ ಸ್ಟಾರ್ಟ್ ಆಗುತ್ತದೆ.

ಎರಡು ವರ್ಷದ ಕೆಳಗೆ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು. ಈಗ ಕೋಲು ಹಿಡಿದು ನಡೆಯುತ್ತಾರೆ. ಗಾಡಿ ಓಡಿಸುವ ಮಾತು ಮುಗಿಯಿತು. ಹಿಂದಿನ ಸೀಟಿಗೆ ಕಾಲೆತ್ತಿ ಹಾಕಲೂ ಆಗುವುದಿಲ್ಲ. ಕಾರಿನಲ್ಲಿ ಕೂರಿಸಿದರೆ ಮಾತೇ ಇಲ್ಲ. ಆದರೆ ಬೆಳಿಗ್ಗೆ ನಾನು ಯೆಜ್ಡಿ ಕಿಕ್ ಮಾಡಿದರೆ ಸಾಕು, ಒಳಗಿಂದಲೇ "ಚೋಕ್ ತೆಗಿಯೋ" ಅಂತ ಕೂಗುತ್ತಾರೆ.

ಅದಕ್ಕೇ ಬೈಕಿನ ಪಕ್ಕಕ್ಕೆ ಜೋಡಿಸುವ ಒಂದು ಚಕ್ರದ ಸೀಟು, ಅಂದರೆ ಸೈಡ್‌ಕಾರ್ ಯೋಚನೆ ಬಂತು. ಎರಡು ಕಡೆ ವಿಚಾರಿಸಿದೆ. ಇಬ್ಬರೂ ಫ್ರೇಮಿಗೇ ವೆಲ್ಡ್ ಮಾಡಿ ಕೊಡುತ್ತೇವೆ ಅಂದರು. ನನಗೆ ಕೈ ನಡುಗುತ್ತಿದೆ. ಆ ಫ್ರೇಮಿಗೆ ಬೆಂಕಿ ತೋರಿಸದೆ ಈ ಕೆಲಸ ಆಗುತ್ತಾ? ಮಾಡಿದವರು ಯಾರಾದರೂ ಇದ್ದೀರಾ? ಕಾನೂನು ಏನು ಹೇಳುತ್ತದೆ?

ಯಾದವಗಿರಿ 250

ದಯವಿಟ್ಟು ವೆಲ್ಡ್ ಮಾಡಿಸಬೇಡಿ. ಕೈಮುಗಿದು ಕೇಳುತ್ತೇನೆ.

ನಾನು ಮೈಸೂರಿನವನು. ಯೆಜ್ಡಿ ತಯಾರಿಸುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆ ಇದ್ದ ಯಾದವಗಿರಿಯಲ್ಲೇ ಬೆಳೆದವನು. 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿತು. ಈಗ ಬರುವ ಹೊಸ ಜಾವಾ, ಯೆಜ್ಡಿ ಗಾಡಿಗಳು ಬೇರೆ. ಆ ಎರಡು ಸೈಲೆನ್ಸರ್ ಟೂ-ಸ್ಟ್ರೋಕ್ ಇನ್ನು ಹುಟ್ಟುವುದಿಲ್ಲ. ಇರುವುದನ್ನೇ ಉಳಿಸಿಕೊಳ್ಳಬೇಕು.

ಇನ್ನೊಂದು ಲೆಕ್ಕ ಹಾಕಿ. 2021ರಲ್ಲಿ ಬಂದ ವಿಂಟೇಜ್ ನಿಯಮದ ಪ್ರಕಾರ 50 ವರ್ಷ ತುಂಬಿದ ಗಾಡಿಗೆ 'ವಿಎ' ಅಕ್ಷರ ಇರುವ ಬೇರೆ ನಂಬರ್ ಸಿಗುತ್ತದೆ. ನಿಮ್ಮದು 2034ಕ್ಕೆ ಆ ವಯಸ್ಸಿಗೆ ಬರುತ್ತದೆ. ಆದರೆ ಗಾಡಿ ಮೂಲ ರೂಪದಲ್ಲೇ ಇರಬೇಕು, ಚಾಸಿಯನ್ನು ಮುಟ್ಟಿರಬಾರದು. ಇವತ್ತು ಒಂದು ಕೊಂಡಿ ವೆಲ್ಡ್ ಮಾಡಿಸಿದರೆ ಆ ಬಾಗಿಲು ಮುಚ್ಚಿದ ಹಾಗೆ.

ನನ್ನ ಕೇಳಿದರೆ, ರೋಡ್‌ಕಿಂಗ್ ಹಾಗೇ ಇರಲಿ. ಸೈಡ್‌ಕಾರಿಗೆ ಒಂದು ಬುಲೆಟ್ ನೋಡಿ. ಬಿಡಿಭಾಗವೂ ಸಿಗುತ್ತದೆ, ಮಾಡಿಕೊಡುವವರೂ ಸಿಗುತ್ತಾರೆ.

ಕಾಫಿಕಣ

ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಅಪ್ಪನಿಗೆ ಸೈಡ್‌ಕಾರ್ ಬೇಕಾಗಿಲ್ಲ, ಈ ಗಾಡಿ ಬೇಕು. ಬುಲೆಟ್ ತಂದರೆ ಅವರಿಗೆ ಅದೂ ಕಾರಿನ ಹಾಗೇ.

ಎರಡು ಸೈಲೆನ್ಸರ್

ವೆಲ್ಡಿಂಗ್ ಬಗ್ಗೆ ನನ್ನ ಅನುಭವ ಹೇಳಿಬಿಡುತ್ತೇನೆ. ಕೇಳಿ ಆಮೇಲೆ ತೀರ್ಮಾನ ಮಾಡಿ.

ಆರು ವರ್ಷದ ಹಿಂದೆ ಒಂದು ಹಳೇ ಬೈಕಿಗೆ ಸೈಡ್‌ಕಾರ್ ಹಾಕಿಸಿದ್ದೆ. ಗ್ಯಾರೇಜಿನವರು ಮುಂದಿನ ಪೈಪಿಗೆ ನೇರವಾಗಿ ಕಬ್ಬಿಣದ ಕಿವಿ ವೆಲ್ಡ್ ಮಾಡಿದ್ದರು. ನೋಡಲು ಗಟ್ಟಿಯಾಗಿತ್ತು, ಪೇಂಟೂ ಹೊಡೆದಿದ್ದರು. ಹೆಂಡತಿ, ಮಗಳನ್ನು ಕೂರಿಸಿಕೊಂಡು ಮಡಿಕೇರಿಗೆ ಹೊರಟೆ. ಘಾಟಿ ಹತ್ತುವಾಗ ಹ್ಯಾಂಡಲ್ ಯಾಕೋ ಎಡಕ್ಕೆ ಜಾಸ್ತಿ ಎಳೆಯುತ್ತಿದೆ ಅನ್ನಿಸಿತು. ಟೀ ಅಂಗಡಿ ಹತ್ತಿರ ನಿಲ್ಲಿಸಿ ಬಗ್ಗಿ ನೋಡಿದೆ. ವೆಲ್ಡಿನ ಪಕ್ಕದಲ್ಲಿ ಪೇಂಟಿನ ಮೇಲೆ ಕೂದಲೆಳೆಯಷ್ಟು ಗೆರೆ ಇತ್ತು. ಗೆರೆಯ ಅಂಚಿನಲ್ಲಿ ಸ್ವಲ್ಪ ತುಕ್ಕಿನ ಬಣ್ಣ.

ಅಂಗಡಿಯವರ ಹತ್ತಿರ ಸೀಮೆಎಣ್ಣೆ ಇಸಕೊಂಡು ಆ ಜಾಗಕ್ಕೆ ಸವರಿದೆ. ಬಟ್ಟೆಯಿಂದ ಚೆನ್ನಾಗಿ ಒರೆಸಿ, ಮಗಳ ಬ್ಯಾಗಿನಲ್ಲಿದ್ದ ಸೀಮೆಸುಣ್ಣ ಪುಡಿ ಮಾಡಿ ಉದುರಿಸಿದೆ. ಹತ್ತು ನಿಮಿಷದಲ್ಲಿ ಬಿಳಿ ಪುಡಿಯ ಮೇಲೆ ಒದ್ದೆ ಗೆರೆ ಎದ್ದು ಬಂತು. ಪೈಪಿನ ಅರ್ಧ ಸುತ್ತು ಬಿರುಕು ಬಿಟ್ಟಿತ್ತು. ಅಲ್ಲಿಂದ ಇಬ್ಬರನ್ನೂ ಬಸ್ಸಿಗೆ ಹತ್ತಿಸಿದೆ, ಗಾಡಿಯನ್ನು ಲಗೇಜ್ ಆಟೋದಲ್ಲಿ ವಾಪಸ್ ತಂದೆ.

ಆ ಪೈಪು ತೆಳು. ವೆಲ್ಡ್ ಮಾಡಿದ ಜಾಗದ ಪಕ್ಕದಲ್ಲಿ ಬಿಸಿಗೆ ಅದರ ಗುಣವೇ ಬದಲಾಗುತ್ತದೆ. ಸೈಡ್‌ಕಾರ್ ಪ್ರತಿ ಹಳ್ಳಕ್ಕೂ ಅದನ್ನು ತಿರುಚುತ್ತಾ ಇರುತ್ತದೆ. ಒಂದು ದಿನ ಬಿಟ್ಟುಕೊಡುತ್ತದೆ.

ಲೇತ್ ಮೇಷ್ಟ್ರು

ಮೇಲಿನವರು ಹೇಳಿದ್ದು ನಿಜ. ವೆಲ್ಡ್ ಇಲ್ಲದೆ ಆಗುತ್ತದೆ. ನಾನು ಐಟಿಐನಲ್ಲಿ ಪಾಠ ಮಾಡಿದವನು. ಎರಡು ಸೈಡ್‌ಕಾರ್ ಕಟ್ಟಿದ್ದೇನೆ, ಎರಡೂ ಇವತ್ತಿಗೂ ಓಡುತ್ತಿವೆ.

ಮಾಡಬೇಕಾದ್ದು ಸಬ್‌ಫ್ರೇಮ್. ಗಾಡಿಯ ಕೆಳಗೆ ಬೇರೆಯದೇ ಒಂದು ಪೈಪಿನ ಚೌಕಟ್ಟು ಬರಬೇಕು. ಅದು ಎಂಜಿನ್ ಬೋಲ್ಟು, ಫುಟ್‌ರೆಸ್ಟ್ ಬೋಲ್ಟು ಇರುವ ಜಾಗದಲ್ಲೇ ಉದ್ದನೆಯ ಬೋಲ್ಟು ಹಾಕಿ ಕೂರುತ್ತದೆ. ಉಳಿದ ಕಡೆ ಎರಡು ಹೋಳಿನ ಕ್ಲಾಂಪು. ವೆಲ್ಡಿಂಗ್ ಎಲ್ಲ ಆ ಸಬ್‌ಫ್ರೇಮಿಗೇ. ಸೈಡ್‌ಕಾರ್ ಅದಕ್ಕೆ ನಾಲ್ಕು ಕಡೆ ಕಚ್ಚಿಕೊಳ್ಳುತ್ತದೆ, ಕೆಳಗೆ ಎರಡು, ಮೇಲೆ ಎರಡು. ಮೇಲಿನೆರಡು ಉದ್ದ-ಗಿಡ್ಡ ಮಾಡಲು ಬರುವ ಹಾಗಿರಬೇಕು. ಬಿಚ್ಚಿದರೆ ರೋಡ್‌ಕಿಂಗ್ ಮೊದಲಿದ್ದ ಹಾಗೇ ನಿಲ್ಲುತ್ತದೆ.

ಇನ್ನು ಹೊಂದಾಣಿಕೆ. ಇದರಲ್ಲಿ ತಪ್ಪಿದರೆ ಎಷ್ಟು ಗಟ್ಟಿ ಕಟ್ಟಿದರೂ ಪ್ರಯೋಜನವಿಲ್ಲ.

ಸೈಡ್‌ಕಾರಿನ ಚಕ್ರ ಬೈಕಿನ ಹಿಂದಿನ ಚಕ್ರದ ಸಾಲಿಗೇ ಇರಬಾರದು, ಸ್ವಲ್ಪ ಮುಂದೆ ಇರಬೇಕು. ಆರೇಳು ಇಂಚಿನಿಂದ ಶುರು ಮಾಡಿ. ಆ ಚಕ್ರ ಮೂಗು ಒಳಕ್ಕೆ ಮಾಡಿ ನಿಲ್ಲಬೇಕು. ಅಳೆಯುವುದು ಸುಲಭ. ಬೈಕಿನ ಎರಡು ಚಕ್ರಕ್ಕೂ ತಾಗುವ ಹಾಗೆ ಒಂದು ನೇರ ಅಲ್ಯೂಮಿನಿಯಂ ಪಟ್ಟಿ ಇಡಿ. ಸೈಡ್‌ಕಾರ್ ಚಕ್ರಕ್ಕೆ ಇನ್ನೊಂದು ಪಟ್ಟಿ. ಎರಡು ಪಟ್ಟಿಯ ನಡುವಿನ ಅಂತರ ಹಿಂದಿಗಿಂತ ಮುಂದೆ 10ರಿಂದ 20 ಮಿಲಿಮೀಟರ್ ಕಡಿಮೆ ಬರಬೇಕು. ಕೊನೆಯದಾಗಿ, ಬೈಕು ಸೈಡ್‌ಕಾರಿನಿಂದ ಆಚೆಗೆ, ಅಂದರೆ ಬಲಕ್ಕೆ, ಒಂದೆರಡು ಡಿಗ್ರಿ ವಾಲಿರಬೇಕು. ಅಪ್ಪ ಕೂತಾಗ ಭಾರಕ್ಕೆ ಆ ವಾಲು ಸ್ವಲ್ಪ ಕಡಿಮೆಯಾಗುತ್ತದೆ. ಆದ್ದರಿಂದ ಅಳತೆ ತೆಗೆಯುವಾಗ ಅಪ್ಪನಷ್ಟೇ ತೂಕ ಒಳಗೆ ಇಟ್ಟಿರಿ.

ಮುಂದಿನ ಸ್ಪ್ರಾಕೆಟ್, ಅಂದರೆ ಚೈನು ಎಳೆಯುವ ಹಲ್ಲುಚಕ್ರ, ಒಂದೆರಡು ಹಲ್ಲು ಕಡಿಮೆಯದು ಹಾಕಿ. ಇಲ್ಲದಿದ್ದರೆ ಏರಿನಲ್ಲಿ ಎಂಜಿನ್ ಒದ್ದಾಡುತ್ತದೆ.

ಹಳೇ ಆರ್‌ಸಿ

ಸ್ಪ್ಯಾನರ್ ಹಿಡಿಯುವ ಮೊದಲು ಕಾಗದ ನೋಡಿಕೊಳ್ಳಿ.

ಒಳ್ಳೆಯ ಸುದ್ದಿ ಮೊದಲು. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 2ರಲ್ಲಿ ಮೋಟಾರ್‌ಸೈಕಲ್ ಅಂದರೆ ಏನು ಅಂತ ಬರೆದಿದ್ದಾರೆ. ಎರಡು ಚಕ್ರದ ಗಾಡಿ, ಮತ್ತು ಅದಕ್ಕೆ ಜೋಡಿಸಿದ, ಬಿಚ್ಚಲು ಬರುವ, ಒಂದು ಹೆಚ್ಚಿನ ಚಕ್ರದ ಸೈಡ್‌ಕಾರ್ ಇದ್ದರೆ ಅದೂ ಸೇರಿ. ಅಂದರೆ ಸೈಡ್‌ಕಾರ್ ಕಾನೂನಿಗೆ ಹೊಸ ಪ್ರಾಣಿ ಅಲ್ಲ. 'ಬಿಚ್ಚಲು ಬರುವ' ಅನ್ನುವ ಮಾತು ಗಮನಿಸಿ. ಮೇಷ್ಟ್ರ ಬೋಲ್ಟಿನ ದಾರಿಗೆ ಅದು ಸರಿಯಾಗಿ ಹೊಂದುತ್ತದೆ.

ಈಗ ಕಷ್ಟದ ಮಾತು. ಸೆಕ್ಷನ್ 52ರ ಪ್ರಕಾರ ತಯಾರಕರು ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕನಿಗೆ ಪ್ರತಿ ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಬಂತು.

ಆದರೆ ಅದೇ ತಿದ್ದುಪಡಿ ಇನ್ನೊಂದು ಬಾಗಿಲೂ ತೆರೆದಿದೆ. ದೈಹಿಕ ತೊಂದರೆ ಇರುವ ವ್ಯಕ್ತಿಗಾಗಿ ಮಾರ್ಪಡಿಸಿದ, ಅವರು ಮಾತ್ರ ಬಳಸುವ ಅಥವಾ ಅವರಿಗಾಗಿ ಮಾತ್ರ ಬಳಸುವ ಗಾಡಿಗೆ ಬೇರೆಯದೇ ವರ್ಗ ಮಾಡಿದ್ದಾರೆ. ಸೈಡ್‌ಕಾರಿನಲ್ಲಿ ಕೂರುವ ಅಪ್ಪ ಅದರಲ್ಲಿ ಬರುತ್ತಾರೋ ಇಲ್ಲವೋ ಅಂತ ನೀವೇ ತೀರ್ಮಾನ ಮಾಡಿಕೊಳ್ಳಬೇಡಿ. ಆಸ್ಪತ್ರೆ ಕಾಗದ, ಒಂದು ನಕ್ಷೆ, ಅರ್ಜಿ ತೆಗೆದುಕೊಂಡು ಆರ್‌ಟಿಒಗೆ ಹೋಗಿ. ಲಿಖಿತ ಅನುಮತಿ ಸಿಕ್ಕಿ, ಆರ್‌ಸಿಯಲ್ಲಿ ನಮೂದಾಗಿ, ಇನ್ಶೂರೆನ್ಸಿನವರಿಗೂ ತಿಳಿಸಿದ ಮೇಲೆ ರಸ್ತೆಗೆ ಇಳಿಸಿ. ಅಪ್ಪನಿಗೂ ಹೆಲ್ಮೆಟ್ ಬೇಕು.

ಸುತ್ತಾಟ

ಚರ್ಚೆ ಓದುತ್ತಾ ಹೈದರಾಬಾದಿನ ಸುಧಾ ಕಾರ್ಸ್ ಮ್ಯೂಸಿಯಂ ನೆನಪಾಯಿತು. ಅಲ್ಲಿನ ಮೃಗಾಲಯದ ಹತ್ತಿರ ಇದೆ. ಸುಧಾಕರ್ ಅನ್ನುವವರು ಗುಜರಿ ಸಾಮಾನಿನಿಂದ ಕಟ್ಟಿದ ಗಾಡಿಗಳು. ಬರ್ಗರ್ ಆಕಾರದ ಕಾರು, ಕ್ರಿಕೆಟ್ ಬ್ಯಾಟಿನ ಕಾರು, ಹೈಹೀಲ್ಡ್ ಚಪ್ಪಲಿಯ ಕಾರು, ಕ್ಯಾಮೆರಾ ಕಾರು. ಎಲ್ಲವೂ ಓಡುತ್ತವೆ! 2005ರಲ್ಲಿ 41 ಅಡಿಗೂ ಎತ್ತರದ ಮೂರು ಚಕ್ರದ ಸೈಕಲ್ ಓಡಿಸಿ ಗಿನ್ನೆಸ್ ದಾಖಲೆ ಮಾಡಿದವರು ಅವರು. ನನ್ನ ಮಗ ಬ್ಯಾಟ್ ಕಾರಿನ ಮುಂದಿನಿಂದ ಬರಲೇ ಒಪ್ಪಲಿಲ್ಲ.

ಇನ್ನೂ ವಿಚಿತ್ರದ್ದು ಬೇಕಾ? 1910ರಲ್ಲಿ ಕಲ್ಕತ್ತಾದಲ್ಲಿದ್ದ ಮ್ಯಾಥ್ಯೂಸನ್ ಅನ್ನುವ ಶ್ರೀಮಂತ ಇಂಗ್ಲೆಂಡಿನಿಂದ ಹಂಸದ ಆಕಾರದ ಕಾರು ಮಾಡಿಸಿ ತರಿಸಿದ್ದ. ಕೊಕ್ಕಿನಿಂದ ಬಿಸಿನೀರು ಚಿಮ್ಮುತ್ತಿತ್ತು, ಅಡ್ಡ ಬಂದ ಜನ ದಾರಿ ಬಿಡಲಿ ಅಂತ. ಜನ ಗಾಬರಿಯಾಗಿ, ಕೊನೆಗೆ ಪೊಲೀಸರು ಅದನ್ನು ರಸ್ತೆಗೆ ತರಬೇಡಿ ಅಂದರು. ಆಮೇಲೆ ಪಂಜಾಬಿನ ನಾಭಾ ಮಹಾರಾಜರ ಕೈಗೆ ಹೋಯಿತು. ಈಗ ನೆದರ್‌ಲ್ಯಾಂಡ್ಸ್‌ನ ಲೌಮನ್ ಮ್ಯೂಸಿಯಂನಲ್ಲಿದೆ.

ಹಂಸದ ಕಾರು ನೋಡಲು ನನಗೂ ಆಸೆ ಇದೆ. ಆದರೆ ಕಾಫಿಕಣ ಅವರ ಗಾಡಿ ಅದಕ್ಕಿಂತ ಜಾಸ್ತಿ ಇಷ್ಟವಾಗುತ್ತಿದೆ.

ಮ್ಯೂನಿಕ್ ಕನ್ನಡಿಗ

ಇಲ್ಲಿ ಜರ್ಮನಿಯಲ್ಲಿ ಹಳೇ ಗಾಡಿಗಳ ಸಂತೆಗೆ ಹೋಗುವುದು ನನ್ನ ಹುಚ್ಚು. ಅಲ್ಲಿ ಒಂದು ಸಲ ಜಾವಾ ಶಬ್ದ ಕೇಳಿ ಓಡಿಹೋಗಿ ನೋಡಿದರೆ, ಅದು ಬೈಕ್ ಅಲ್ಲ!

ವೆಲೊರೆಕ್ಸ್ ಅಂತ ಹೆಸರು. ಜಾವಾ ಹುಟ್ಟಿದ ಜೆಕೊಸ್ಲೊವಾಕಿಯಾದ್ದು. ಮುಂದೆ ಎರಡು ಚಕ್ರ, ಹಿಂದೆ ಒಂದು. ಉಕ್ಕಿನ ಪೈಪು ಜೋಡಿಸಿ ಮಾಡಿದ ಪಂಜರ, ಅದರ ಮೇಲೆ ತಗಡೇ ಇಲ್ಲ. ರೆಕ್ಸಿನ್ ಬಟ್ಟೆ ಹೊದಿಸಿ ಗುಂಡಿ ಹಾಕಿದ್ದಾರೆ. ಕೈಯಲ್ಲಿ ಒತ್ತಿದರೆ ನಮ್ಮೂರಿನ ಆಟೋ ಟಾಪಿನ ಹಾಗೆ ಒಳಕ್ಕೆ ಹೋಗುತ್ತದೆ. ಹಿಂದೆ ಜಾವಾ ಎಂಜಿನ್, ಚೈನು. ಸ್ಟ್ರಾನ್ಸ್ಕಿ ಅನ್ನುವ ಅಣ್ಣತಮ್ಮ ಕಟ್ಟಿದ ವಿನ್ಯಾಸ. 1950ರ ದಶಕದಿಂದ 1970ರ ದಶಕದ ಶುರುವಿನವರೆಗೆ ತಯಾರಾಯಿತು. ಅದನ್ನು ಜಾಸ್ತಿ ಕೊಟ್ಟಿದ್ದು ಯಾರಿಗೆ ಗೊತ್ತಾ? ಕಾಲಿಲ್ಲದವರಿಗೆ, ನಡೆಯಲಾಗದವರಿಗೆ. ಜಾವಾ ಬೈಕುಗಳಿಗೆ ಸೈಡ್‌ಕಾರ್ ಮಾಡುತ್ತಿದ್ದದ್ದೂ ಇದೇ ವೆಲೊರೆಕ್ಸ್.

ಇಲ್ಲಿನ ಮೆಸರ್‌ಶ್ಮಿಟ್ ಕಾರಿನ ಕಥೆಯೂ ಹಾಗೇ. ವಿಮಾನದ ಗಾಜಿನ ಮುಚ್ಚಳದಂಥ ಟಾಪು, ಒಬ್ಬರ ಹಿಂದೆ ಒಬ್ಬರು ಕೂರಬೇಕು. ಕೆಆರ್ 200 ಅನ್ನುವ ಮಾದರಿಯಲ್ಲಿ ಎಂಜಿನ್ನನ್ನೇ ಉಲ್ಟಾ ತಿರುಗಿಸಿ ಸ್ಟಾರ್ಟ್ ಮಾಡಬಹುದು, ಹಾಗಾಗಿ ಹಿಂದಕ್ಕೂ ನಾಲ್ಕು ಗೇರು. ಈಗ ಸಂಗ್ರಹಕಾರರು ಮುಗಿಬಿದ್ದು ಕೊಳ್ಳುತ್ತಾರೆ. ಆದರೆ ಫ್ರಿಟ್ಜ್ ಫೆಂಡ್ ಅನ್ನುವ ಎಂಜಿನಿಯರ್ ಅದನ್ನು ಶುರು ಮಾಡಿದ್ದು ಯುದ್ಧದಲ್ಲಿ ಅಂಗ ಕಳೆದುಕೊಂಡವರಿಗೆ ಒಂದು ಚಿಕ್ಕ ಗಾಡಿ ಬೇಕು ಅಂತ.

ಹಾಗಾಗಿ ಕಾಫಿಕಣ ಅವರೇ, ಜಾವಾ ಮನೆತನದ ಎಂಜಿನ್ನಿನ ಪಕ್ಕ ನಡೆಯಲಾಗದ ಒಬ್ಬರನ್ನು ಕೂರಿಸುವುದರಿಂದ ಆ ಗಾಡಿಯ ಮರ್ಯಾದೆ ಕಡಿಮೆಯಾಗುವುದಿಲ್ಲ. ಅದು ಆ ಮನೆತನದ ಹಳೇ ಕೆಲಸ.

ಯಾದವಗಿರಿ 250

ಮ್ಯೂನಿಕ್ ಅವರೇ, ಇದು ನನಗೆ ಗೊತ್ತಿರಲಿಲ್ಲ. ನಿನ್ನೆಯಿಂದ ಯೋಚಿಸುತ್ತಿದ್ದೇನೆ. ಸಬ್‌ಫ್ರೇಮ್ ದಾರಿಗೆ ನನ್ನ ಒಪ್ಪಿಗೆ ಇದೆ.

ಹಾಗಾದರೆ ಯಾರೂ ಹೇಳದ ಒಂದು ವಿಷಯ ಹೇಳಲೇಬೇಕು. ಯೆಜ್ಡಿಯ ಕಿಕ್ಕರ್ ಎಡಗಡೆ! ಅದೇ ಗೇರ್ ಲಿವರ್ ಕೂಡ. ಯುರೋಪಿನಲ್ಲಿ ರಸ್ತೆಯ ಬಲಕ್ಕೆ ಓಡಿಸುತ್ತಾರೆ, ಸೈಡ್‌ಕಾರೂ ಬಲಕ್ಕೆ ಇರುತ್ತದೆ, ಹಾಗಾಗಿ ಅಲ್ಲಿ ತೊಂದರೆ ಇಲ್ಲ. ನಮ್ಮಲ್ಲಿ ಸೈಡ್‌ಕಾರ್ ಎಡಕ್ಕೆ ಬರುತ್ತದೆ, ಕಿಕ್ಕರಿನ ಪಕ್ಕಕ್ಕೇ. ಮುಂದಿನ ಕೆಳಗಿನ ಪೈಪನ್ನು ಸುಮ್ನೆ ನೇರವಾಗಿ ತಂದರೆ ಕಿಕ್ ಹೊಡೆದಾಗ ಹಿಮ್ಮಡಿ ಅದಕ್ಕೇ ಬಡಿಯುತ್ತದೆ. ಲಿವರನ್ನು ಒಳಕ್ಕೆ ತಳ್ಳಿ, ಮೇಲಕ್ಕೆ ತಿರುಗಿಸಿ, ಪೂರ್ತಿ ಕೆಳಗಿನವರೆಗೆ ತುಳಿದು ನೋಡಿ. ಪಾದ ಸುತ್ತುವ ದಾರಿಯನ್ನು ರಟ್ಟಿನ ಮೇಲೆ ಗೆರೆ ಎಳೆದುಕೊಳ್ಳಿ. ಪೈಪು ಆ ಗೆರೆಯ ಕೆಳಗೆ ಬಾಗಿ ಹೋಗಬೇಕು.

ಇನ್ನೊಂದು ವಿಷಯ ಎಡಗಡೆ ಸೈಲೆನ್ಸರ್. ಅದು ಅಪ್ಪನ ಬಲಗೈ ಪಕ್ಕದಲ್ಲೇ ಹಾದು ಹೋಗುತ್ತದೆ. ಆಸ್ಬೆಸ್ಟಾಸ್ ಬೇಡ, ಗ್ಲಾಸ್ ಉಲ್ಲನ್ ಪಟ್ಟಿ ಸುತ್ತಿ ಮೇಲೆ ತಗಡಿನ ಕವರ್ ಹಾಕಿ. ಸೈಲೆನ್ಸರ್ ತುದಿ ಅವರ ಸೀಟಿಗಿಂತ ಹಿಂದೆ ಇರಲಿ. ಪೆಟ್ರೋಲಿಗೆ ಆಯಿಲ್ ಅಳತೆ ಮಾಡಿಯೇ ಹಾಕಿ, ಲೀಟರಿಗೆ 30-40 ಮಿಲಿ. ಜಾಸ್ತಿ ಹಾಕಿದರೆ ಹೊಗೆ ಕುಡಿಯುವವರು ಅಪ್ಪ.

ಮೂರು ಚಕ್ರ

ನಾನು ಚಿಕ್ಕಂದಿನಲ್ಲಿ ಪೋಲಿಯೋ ಆದವನು. ಇಪ್ಪತ್ತು ವರ್ಷದಿಂದ ಸೈಡ್‌ವೀಲ್ ಹಾಕಿದ ಸ್ಕೂಟರ್ ಓಡಿಸುತ್ತಿದ್ದೇನೆ. ಇಷ್ಟು ಹೊತ್ತು ನೀವೆಲ್ಲ ಗಾಡಿಯ ಅಳತೆ ಹೇಳಿದಿರಿ. ಈಗ ಅಪ್ಪನ ಅಳತೆ ತೆಗೆಯಿರಿ.

ನನ್ನ ಮೊದಲ ಸ್ಕೂಟರನ್ನು ನನ್ನನ್ನು ನೋಡದೆಯೇ ಮಾಡಿದ್ದರು. ಚಕ್ರ ಚೆನ್ನಾಗಿತ್ತು, ವೆಲ್ಡಿಂಗ್ ಚೆನ್ನಾಗಿತ್ತು. ಊರುಗೋಲು ಇಡಲು ಮಾತ್ರ ಜಾಗ ಇರಲಿಲ್ಲ. ತೊಡೆ ಮೇಲೆ ಅಡ್ಡ ಇಟ್ಟುಕೊಂಡು ಓಡಿಸುತ್ತಿದ್ದೆ. ತಿರುವಿನಲ್ಲಿ ಹ್ಯಾಂಡಲಿಗೆ ಸಿಕ್ಕಿಕೊಳ್ಳುತ್ತಿತ್ತು.

ಅಪ್ಪನಿಗೆ ಕೋಲು ಹಿಡಿಸಿ, ಮುಂದೆ ಒಂದು ಇಟ್ಟಿಗೆ ಇಡಿ. ಹತ್ತಲು ಆದರೆ ಎರಡು. ಆಮೇಲೆ ಮೂರು. ಎಲ್ಲಿ ಅವರು ಗೋಡೆಗೆ ಕೈ ಹಾಕುತ್ತಾರೋ ಅದಕ್ಕಿಂತ ಒಂದು ಇಟ್ಟಿಗೆ ಕೆಳಗೆ ನಿಮ್ಮ ಮೆಟ್ಟಿಲು ಬರಬೇಕು. ಅಂಗಡಿಯಲ್ಲಿ ಸಿಗುವ ಸೈಡ್‌ಕಾರಿಗೆ ಸಾಮಾನ್ಯವಾಗಿ ಬಾಗಿಲು ಇರುವುದಿಲ್ಲ, ಅಂಚು ದಾಟಿಯೇ ಇಳಿಯಬೇಕು. ಸೊಂಟದ ಆಪರೇಷನ್ ಆದವರಿಗೆ ಅದು ಆಗದ ಮಾತು. ಎಡಗಡೆ ಬಾಗಿಲು ಕತ್ತರಿಸಿ. ಸೀಟು ತೀರಾ ತಗ್ಗಿನಲ್ಲಿ ಬೇಡ, ಮೊಣಕಾಲಿಗಿಂತ ಸೊಂಟ ಸ್ವಲ್ಪ ಮೇಲೇ ಇರಲಿ. ಏಳುವಾಗ ಹಿಡಿಯಲು ಒಂದು ಕಂಬಿ ಬೇಕು. ಅದು ಯಾವ ಕಡೆ, ಎಷ್ಟು ಎತ್ತರ ಅಂತ ಅವರನ್ನೇ ಕೇಳಿ. ಕೋಲಿಗೆ ಎರಡು ಕ್ಲಿಪ್ಪು.

ಬೇರೆ ಏನು ಬಿಟ್ಟರೂ ಇದನ್ನು ಬಿಡಬೇಡಿ. ನಾವು ಜೀವನ ಪೂರ್ತಿ ಗಾಡಿಗೆ ಹೊಂದಿಕೊಂಡವರು.

ಕಾಫಿಕಣ

ಮೂರು ಚಕ್ರ ಅವರೇ, ನೀವು ಹೇಳಿದ ಹಾಗೆ ಇವತ್ತು ಅಂಗಳದಲ್ಲಿ ಇಟ್ಟಿಗೆ ಇಟ್ಟೆ. ಒಂದು ಸಲೀಸು. ಎರಡು, ಸ್ವಲ್ಪ ಯೋಚಿಸಿ ಹತ್ತಿದರು. ಮೂರನೆಯದಕ್ಕೆ ಕಾಲು ಎತ್ತಿ, ಹಾಗೇ ಕೆಳಗಿಟ್ಟರು. "ಎರಡೇ ಸಾಕು ಬಿಡು" ಅಂದರು. ಎರಡಕ್ಕೇ ಯೋಚಿಸಿದ್ದರಿಂದ ಮೆಟ್ಟಿಲು ಒಂದೇ ಇಟ್ಟಿಗೆ ಎತ್ತರಕ್ಕೆ ಅಂತ ಬರೆದುಕೊಂಡಿದ್ದೇನೆ. ಯಾಕೆ ಅಂತ ಅವರು ಕೇಳಲಿಲ್ಲ. ಸಂಜೆ ತಾವೇ ಕರೆದು, ಕಂಬಿ ಬಲಗಡೆ ಇರಲಿ ಅಂದರು. ಯಾರೂ ಏನೂ ಹೇಳಿರಲಿಲ್ಲ ಅವರಿಗೆ.

ಕಾಫಿಕಣ (ಐದು ತಿಂಗಳ ನಂತರ)

ಎಲ್ಲರಿಗೂ ಸುದ್ದಿ ಕೊಡಬೇಕಿತ್ತು, ತಡವಾಯಿತು.

ಅರ್ಜಿ, ನಕ್ಷೆ, ಆಸ್ಪತ್ರೆ ಕಾಗದ ಎಲ್ಲ ಕೊಟ್ಟಿದ್ದೇನೆ. ಒಂದು ಸಲ ತಪಾಸಣೆ ಆಗಿದೆ, ಆರ್‌ಸಿಗೆ ಇನ್ನೂ ಏರಿಲ್ಲ. ಹಾಗಾಗಿ ಗಾಡಿ ನಮ್ಮ ಗೇಟು ದಾಟಿಲ್ಲ.

ಸಬ್‌ಫ್ರೇಮ್ ಮೇಷ್ಟ್ರು ಹೇಳಿದ ಹಾಗೇ ಮಾಡಿಸಿದೆ. ಫ್ರೇಮಿನ ಮೇಲೆ ಒಂದು ಗೀರೂ ಇಲ್ಲ. ಪೈಪು ಯಾದವಗಿರಿ ಅವರ ರಟ್ಟಿನ ಗೆರೆಯ ಕೆಳಗೇ ಬಾಗಿ ಹೋಗುತ್ತದೆ. ಸೀಮೆಎಣ್ಣೆ, ಸೀಮೆಸುಣ್ಣದ ಪುಡಿಯ ಪರೀಕ್ಷೆ ತಿಂಗಳಿಗೊಂದು ಸಲ ಮಾಡುತ್ತಿದ್ದೇನೆ.

ಓಡಿಸಲು ಕಲಿತಿದ್ದು ಕಾಫಿ ಒಣಗಿಸುವ ಕಣದಲ್ಲಿ. ಮೊದಲು ಒಳಗೆ 50 ಕೆಜಿಯ ಒಂದು ಕಾಫಿ ಮೂಟೆ ಕೂರಿಸಿದೆ. ನಲವತ್ತು ವರ್ಷದ ಬೈಕು ಪೂರ್ತಿ ಬೇರೆಯೇ ಗಾಡಿ ಆಗಿಬಿಟ್ಟಿದೆ. ವಾಲಿಸಿದರೆ ತಿರುಗುವುದಿಲ್ಲ, ಹ್ಯಾಂಡಲನ್ನೇ ತಿರುಗಿಸಬೇಕು. ಆಕ್ಸಿಲರೇಟರ್ ಕೊಟ್ಟರೆ ಎಡಕ್ಕೆ ಎಳೆಯುತ್ತದೆ. ಬಿಟ್ಟರೆ ಸೈಡ್‌ಕಾರ್ ಮುಂದಕ್ಕೆ ನುಗ್ಗಿ ಬಲಕ್ಕೆ ತಳ್ಳುತ್ತದೆ. ಒಂದು ಸಲ ಮೂಟೆ ತೆಗೆದು ಎಡಕ್ಕೆ ತಿರುಗಿಸಿದೆ, ಸೈಡ್‌ಕಾರ್ ಚಕ್ರ ನೆಲ ಬಿಟ್ಟು ಎದ್ದಿತು. ಆಮೇಲೆ ಖಾಲಿ ಓಡಿಸಲಿಲ್ಲ. ಎರಡು ವಾರ ದಿನಾ ಸಂಜೆ ಮೂಟೆಯನ್ನು ಕಣದ ತುಂಬಾ ಸುತ್ತಿಸಿದೆ. ಅಪ್ಪ ಜಗಲಿ ಮೇಲೆ ಕೂತು ನೋಡುತ್ತಿದ್ದರು.

ಮೊನ್ನೆ ಭಾನುವಾರ ಮೂಟೆ ಇಳಿಸಿ ಅಪ್ಪನನ್ನು ಕೂರಿಸಿದೆ. ಮೆಟ್ಟಿಲು, ಬಾಗಿಲು, ಬಲಗಡೆ ಕಂಬಿ. ಕೋಲನ್ನು ತಾವೇ ಕ್ಲಿಪ್ಪಿಗೆ ಸಿಕ್ಕಿಸಿದರು. ಹೆಲ್ಮೆಟ್ ಹಾಕಿದೆ.

ನಾನು ಯೋಚಿಸಿಯೇ ಇರದ ಒಂದು ವಿಷಯ ಆಗ ಗೊತ್ತಾಯಿತು. ಸೈಡ್‌ಕಾರಿನಲ್ಲಿ ಕೂತರೆ ಅವರ ಕಣ್ಣು ಎಂಜಿನ್ನಿನ ಹತ್ತಿರ ಬರುತ್ತದೆ. ಕಿಕ್ಕರ್ ಅವರ ಬಲಗೈಯಿಂದ ಒಂದೂವರೆ ಅಡಿ. ನಾನು ಲಿವರ್ ಒಳಕ್ಕೆ ತಳ್ಳಿ ಮೇಲಕ್ಕೆ ತಿರುಗಿಸುವುದನ್ನು ಬಗ್ಗಿ ನೋಡುತ್ತಿದ್ದರು. ಎರಡನೇ ಕಿಕ್ಕಿಗೆ ಹೊತ್ತಿಕೊಂಡಿತು. ಅವರು ಕೈ ಚಾಚಿ ಟ್ಯಾಂಕಿನ ಬದಿಗೆ ಅಂಗೈ ಒತ್ತಿ ಇಟ್ಟುಕೊಂಡರು.

ಕಣವನ್ನು ನಾಲ್ಕು ಸುತ್ತು ಹಾಕಿದೆವು. ಮೊದಲ ಮೂರು ಸುತ್ತು ಮಾತಿಲ್ಲ. ನಾಲ್ಕನೇ ಸುತ್ತಿನಲ್ಲಿ ನನ್ನ ಎಡಗಾಲಿಗೆ ಮೆಲ್ಲಗೆ ಒಂದು ಏಟು ಬಿತ್ತು.

"ಗೇರ್ ಮೇಲೆ ಕಾಲಿಟ್ಕೊಂಡು ಓಡಿಸ್ಬೇಡ್ವೋ. ಕ್ಲಚ್ ಸವೆಯುತ್ತೆ."